ಡಾಕ್ಟರಿಗೆ ಹೇಳಿದ ಸುಳ್ಳು

ತಂಗಿಗೆ ಅಕ್ಕನ ಆಶೀರ್ವಾದ.

ಇವತ್ತು ಉಪವಾಸ. ಕಸ ಗುಡಿಸಿ, ಪೂಜೆ ಮುಗಿಸಿ ಬರೆಯಲು ಕೂತಿದ್ದೇನೆ. ನನ್ನ ಲಿವರಿನಲ್ಲಿ ಕ್ಯಾನ್ಸರ್ ಗಂಟಿದೆ. ಹೊಟ್ಟೆ ಕೊಯ್ಯದೆ, ಸೂಜಿ ಚುಚ್ಚಿ ಕಾವಿನಿಂದ ಸುಡುತ್ತಾರಂತೆ. ನನ್ನ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲವಲ್ಲ, ಅಪಾಯವಿಲ್ಲವೇ ಎಂದು ಡಾಕ್ಟರನ್ನು ಕೇಳಿದೆ.

“ನಿಮ್ಮಂಥವರಿಗೂ ಮಾಡಿದ್ದೀವಮ್ಮ, ರಕ್ತ ಸೋರೋದು ಅಪರೂಪ. ಆದ್ರೂ ಒಂದು ದಿನ ಪಕ್ಕದಲ್ಲಿ ಮನೆಯವರು ಇರಬೇಕು. ಯಾರಿದ್ದಾರೆ?” ಎಂದರು ಡಾಕ್ಟರು.

“ತಂಗಿ ಬರ್ತಾಳೆ” ಅಂದುಬಿಟ್ಟೆ. ಅಮ್ಮ ಹೋದ ಮೇಲೆ ನಾವು ಮಾತು ಬಿಟ್ಟು ಆರು ವರ್ಷವಾಯಿತು ಎನ್ನಲು ಬಾಯಿ ಬರಲಿಲ್ಲ. ಸುಳ್ಳಾಡಿದ್ದಕ್ಕೆ ದೇವರಲ್ಲಿ ತಪ್ಪು ಒಪ್ಪಿಕೊಂಡಿದ್ದೇನೆ.

ಬರುವ ಗುರುವಾರ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯಲ್ಲಿರಬೇಕು. ನೀನು ಮಾತಾಡಬೇಕಾಗಿಲ್ಲ, ಪಕ್ಕದಲ್ಲಿ ಕೂತಿದ್ದರೆ ಸಾಕು. ಬರಲಾಗದಿದ್ದರೆ ಅದನ್ನೇ ಬರೆ, ಡಾಕ್ಟರಿಗೆ ನಿಜ ಹೇಳುತ್ತೇನೆ. ಉತ್ತರ ತಂದುಕೊಡು ಎಂದು ಈ ಕಾಗದ ತಂದ ಹಾಲಿನವಳಿಗೆ ಹೇಳಿದ್ದೇನೆ, ಅವಳ ಕೈಗೆ ಕೊಡು.

ನಿನ್ನ ಅಕ್ಕ