ತೇರ್ಸಿನ ಕೊನೆಗೆ ಬಂದ ಹೆಸರು

ಬಿಣಗಾ, ಕಾರವಾರ
೧೭ ಸೆಪ್ಟೆಂಬರ್ ೨೦೨೪

ಪ್ರೀತಿಯ ಮಗಳು ಸೆಲಿನಾ,

ಹೇಗಿದ್ದೀಯೆ? ಮೈಸೂರಿನ ತಂಪಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಸಿಸ್ಟರ್ ಆಗುವ ಮೊದಲೇ ಉಪವಾಸ ಮಾಡಿ ಕಡ್ಡಿಯಾಗಬೇಡ, ದೇವರಿಗೂ ಕೆಲಸ ಮಾಡುವ ಕೈ ಬೇಕು. ಕಾನ್ವೆಂಟಿನಲ್ಲಿ ನಿಮಗೆ ಫೋನ್ ಕೊಡುವುದಿಲ್ಲವೆಂದು ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ, ಸಹಿಸಿಕೋ.

ಸಾಂತಾನನ ಸುದ್ದಿ ಇಲ್ಲ. ಬೇಲೇಕೇರಿಯಾಚೆ ದೋಣಿ ಮಗುಚಿದಾಗ ಜೊತೆಗಿದ್ದ ಪ್ರಕಾಶ ಈಜಿ ದಡ ಸೇರಿದ, ನಿನ್ನ ಅಣ್ಣ ಬರಲಿಲ್ಲ. ಈಗ ಹುಡುಕುವುದನ್ನೂ ನಿಲ್ಲಿಸಿದ್ದಾರೆ. ನನಗೆ ಆಸೆ ಉಳಿದಿಲ್ಲ ಮಗಾ. ತಲೆ ನೆರೆಯುವವರೆಗೆ ಬಲೆ ಬೀಸಿದವನು ನಾನು, ಸಮುದ್ರ ಏನನ್ನು ವಾಪಸು ಕೊಡುತ್ತದೆ, ಏನನ್ನು ಕೊಡುವುದಿಲ್ಲ ಅಂತ ಗೊತ್ತು. ಅಮ್ಮನೆದುರು ಮಾತ್ರ ಹೇಳುವುದಿಲ್ಲ.

ಇಗರ್ಜಿಯವರು ನಮ್ಮ ಕೈ ಬಿಟ್ಟಿಲ್ಲ. ದಿನಾ ಸಂಜೆ ಕೇರಿಯ ಹೆಂಗಸರು ಬಂದು ಜಪಮಾಲೆ ಹಿಡಿದು ತೇರ್ಸ್ ಹೇಳುತ್ತಾರೆ. ಜಪಮಾಲೆ ಕಂಡರೆ ಆಕಳಿಸುತ್ತಿದ್ದ ನಿನ್ನ ಅಪ್ಪನೂ ಮಂಡಿಯೂರುತ್ತಾನೆ, ನಂಬು. ಒಬ್ಬರು ಗಂಜಿ ತಂದರೆ ಇನ್ನೊಬ್ಬರು ಪಲ್ಯ ತರುತ್ತಾರೆ. ಪ್ರಕಾಶನ ಹೆಂಡತಿ ನೀಲಾ ಕೂಡ ಆಗಾಗ ಕೇಣಿಯಿಂದ ಬಸ್ಸು ಹಿಡಿದು ಬಂದು ಹಿಂದೆ ಕೂರುತ್ತಾಳೆ. ಅವಳಿಗೆ ಗೊತ್ತಿರುವುದು ‘ಆಮೆನ್’ ಒಂದೇ, ಬೇಡದ ಕಡೆಯಲ್ಲೂ ಹೇಳಿಬಿಡುತ್ತಾಳೆ. ಯಾರೂ ನಗುವುದಿಲ್ಲ.

ತೇರ್ಸಿನ ಕೊನೆಗೆ ಸಮುದ್ರಕ್ಕೆ ಹೋದವರಿಗಾಗಿ ಒಂದು, ಸತ್ತವರಿಗಾಗಿ ಒಂದು ಪ್ರಾರ್ಥನೆ ಹೇಳುತ್ತೇವಲ್ಲ. ಶನಿವಾರ ಅದನ್ನು ಹೇಳಿಸುತ್ತಿದ್ದ ರುಜಾಯ್ ಬಾಯಿತಪ್ಪಿ ಸಾಂತಾನನ ಹೆಸರನ್ನು ಸತ್ತವರ ಜೊತೆ ಸೇರಿಸಿದಳು. ಅಮ್ಮ ಕಣ್ಣು ತೆರೆಯದೆ, “ಅಂವ ಹೋದದ್ದು ಮೀನಿಗೆ. ಹೆಸ್ರು ಮೊದ್ಲಿನದ್ರಲ್ಲೇ ಇರ್ಲಿ” ಅಂದಳು. ರುಜಾಯ್ ಅಳುತ್ತಲೇ ಮೊದಲಿನಿಂದ ಹೇಳಿಸಿದಳು. ಮಾರನೆಯ ದಿನ ಮುಖ ತೋರಿಸಲಾರಳು ಅಂದುಕೊಂಡೆ, ಎಲ್ಲರಿಗಿಂತ ಮುಂಚೆ ಬಂದಳು. ಇವರಿಲ್ಲದಿದ್ದರೆ ಏನಾಗುತ್ತಿದ್ದೆವೋ. ಆದರೂ ಅವರು ಎದ್ದು ಹೋದಮೇಲೆ ನಾವಿಬ್ಬರೇ ಉಳಿಯುತ್ತೇವೆ, ಅವರು ತಂದ ಗಂಜಿಯನ್ನು ಹಾಗೇ ಮುಚ್ಚಿಡುತ್ತೇವೆ.

ದೇವರು ನಿನ್ನನ್ನಾದರೂ ಕಾಯಲಿ. ನಿಮ್ಮ ಮದರ್‌ಗೆ ನಮ್ಮಿಬ್ಬರ ನಮಸ್ಕಾರ ಹೇಳು. ಹೊತ್ತು ಹೊತ್ತಿಗೆ ಉಣ್ಣು.

ನಿನ್ನ ಪಾಯ್,
ಕೈತಾನ

ತಾ.ಕ.: ಲಕೋಟೆ ಅಂಟಿಸುವಾಗ ಅಮ್ಮ ಬಂದು ನಿಂತಳು. ಅಣ್ಣ ಬೇಗ ಬರಲಿ ಅಂತ ನೀವು ಕಾನ್ವೆಂಟಿನಲ್ಲಿ ದಿನಾ ಪ್ರಾರ್ಥಿಸುತ್ತಿದ್ದೀರಲ್ಲ, ಇನ್ನು ಅವನ ಹೆಸರನ್ನು ಸತ್ತವರ ಜೊತೆ ಹೇಳಬೇಕಂತೆ. ಇಲ್ಲಿ ಹಾಗೆ ಹೇಳಲು ಅವಳಿಗೆ ಬಾಯಿ ಬರುವುದಿಲ್ಲವಂತೆ. ಅಲ್ಲಿಂದ ನೀನೇ ಶುರುಮಾಡಬೇಕಂತೆ.