ನಿಮ್ಮ ಗಾಜಿನ ಕಪಾಟಿನಲ್ಲಿರುವುದು ನಮ್ಮಕ್ಕನ ಕೆಲಸ

ವಿಶ್ವವಿದ್ಯಾಲಯದ ವಿನ್ಯಾಸ ವಿಭಾಗದ ಮಾನ್ಯ ಮುಖ್ಯಸ್ಥರೇ,

ನಿಮ್ಮ ವಿಭಾಗದ ಎರಡನೇ ಮಹಡಿಯಲ್ಲಿ, ಮೆಟ್ಟಿಲು ಹತ್ತಿದ ಕೂಡಲೇ ಎಡಕ್ಕೆ ಸಿಗುವ ಗಾಜಿನ ಕಪಾಟಿನಲ್ಲಿ ಒಂದು ಮರದ ಮಣೆ ಇದೆ. ಅದು ನನ್ನ ಅಕ್ಕನದು. ಐದು ತಿಂಗಳಿಂದ ಅದನ್ನು ವಾಪಸ್ ಕೇಳುತ್ತಿದ್ದೇನೆ. ಮೂರು ಅರ್ಜಿ ಕೊಟ್ಟೆ, ನಾಲ್ಕು ಸಲ ಬಂದು ನಿಮ್ಮ ಕೋಣೆಯ ಹೊರಗಿನ ಬೆಂಚು ಬಿಸಿ ಮಾಡಿ ಹೋದೆ. ಪ್ರತಿ ಸಲವೂ ನೀವು ಸಭೆಯಲ್ಲಿದ್ದಿರಿ. ಕೊನೆಯ ಸಲದ್ದು ‘ಸಮುದಾಯದೊಂದಿಗೆ ಸಂವಾದ’ ಎಂಬ ವಿಷಯದ ಸಭೆ ಎಂದು ನಿಮ್ಮ ಗುಮಾಸ್ತರು ತಿಳಿಸಿದರು. ಅಂಥ ಘನವಾದ ಸಂವಾದಕ್ಕೆ ಸಮುದಾಯದವನಾದ ನಾನು ಅಡ್ಡಿಪಡಿಸುವುದು ತರವಲ್ಲವೆಂದು ಎದ್ದು ಬಂದೆ. ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಅಕ್ಕ ಇಪ್ಪತ್ತಾರು ವರ್ಷ ಬಟ್ಟೆ ಹೊಲಿದವಳು. ಮೂರು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿತು. ನಮ್ಮ ಬೀದಿಯ ಹಳೇ ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಅವಳಂಥ ಆರು ಜನ ಸೇರಿ ಹರಿದ ಬಟ್ಟೆ ಸರಿ ಮಾಡುತ್ತಾರೆ: ಗುಂಡಿ, ಜಿಪ್ಪು, ಬಿಟ್ಟುಹೋದ ಹೊಲಿಗೆ. ಯಾರಿಗೆ ಯಾವ ಕೈ ಆಡುತ್ತದೋ ಆ ಕೈಯ ಕೆಲಸ. ಬೀಗ ತೆಗೆಯುವುದು, ಬಟ್ಟೆಗೆ ಚೀಟಿ ಸಿಕ್ಕಿಸುವುದು ಮತ್ತು ಎಲ್ಲರಿಂದ ಬೈಸಿಕೊಳ್ಳುವುದು ನನ್ನ ಪಾಲಿಗೆ. ಅಕ್ಕ ಬಟ್ಟೆಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಬಲಗೈಯಲ್ಲಿ ಸೂಜಿ ಓಡಿಸುತ್ತಿದ್ದಳು. ಹೊಲಿಯುವಷ್ಟು ಹೊತ್ತು ಬಾಯಿಗೆ ಬಿಡುವಿಲ್ಲ, ಮಾತಿಲ್ಲ. ಅವಳನ್ನು ಬಲ್ಲವರಿಗೆ ಇದೆಂಥ ಶಿಕ್ಷೆಯೆಂದು ಗೊತ್ತು.

ಜನರಿಗೆ ನೆರವಾಗುವ ವಸ್ತು ಮಾಡಿ ಅಂಕ ಪಡೆಯುವ ನಿಮ್ಮ ‘ಸೇವಾ ಕಲಿಕೆ’ಯ ವಿದ್ಯಾರ್ಥಿಗಳು ಬಂದದ್ದು ಆಗ. ನಾಲ್ಕು ಜನ. ಚಿನ್ನದಂಥ ಮಕ್ಕಳು, ಅವರ ಮೇಲೆ ನನ್ನ ದೂರಿಲ್ಲ. ಅಕ್ಕನನ್ನು ಮೇಜಿನ ಮುಂದೆ ಕೂರಿಸಿ ನೀವು ಕೊಟ್ಟ ನಲವತ್ತೆರಡು ಪ್ರಶ್ನೆಗಳನ್ನೂ ಕೇಳಿದರು, ತೋಳಿನ ಅಳತೆ ತೆಗೆದರು. ಮೂರು ವಾರ ಬಿಟ್ಟು ಮೇಜಿನ ಅಂಚಿಗೆ ಸಿಕ್ಕಿಸಿ ಬಟ್ಟೆ ಹಿಡಿಸುವ ಹೊಳೆಹೊಳೆಯುವ ಹಿಡಿಕೆಯೊಂದನ್ನು ತಂದರು. ನೋಡಿದರೆ ಕೋಣೆಯಲ್ಲಿ ಮೇಜೇ ಇಲ್ಲ.

“ಮೇಜೆಲ್ಲಿ ಆಂಟಿ?”

“ಅದು ನೀವು ಬರ್ತೀರ ಅಂತ ಪ್ರೆಸ್ಸಿನವರ ಹತ್ರ ಕೇಳಿ ತಂದಿದ್ದು ಕಣಮ್ಮ. ನೀವು ಹೋದ ಮೇಲೆ ವಾಪಸ್ ಕೊಟ್ವಿ. ನಾನು ಹೊಲಿಯೋದು ನೆಲದ ಮೇಲೆ ಕೂತು.”

“ಮತ್ತೆ ಅವತ್ತು ಮೇಜಿನ ಮೇಲೆ ಆಗುತ್ತೆ ಅಂದ್ರಲ್ಲ!”

“ನೀವು ಅಷ್ಟು ಆಸೆಯಿಂದ ಕೇಳಿದ್ರಿ. ಮನೆಗೆ ಬಂದ ಮಕ್ಕಳಿಗೆ ಇಲ್ಲ ಅನ್ನೋಕೆ ನಾಲಿಗೆ ಬರಲಿಲ್ಲ.”

ಅಂದೇ ಆ ಪ್ರಶ್ನೆಗಳ ಪಟ್ಟಿ ಮಕ್ಕಳ ಚೀಲ ಸೇರಿತು. ನಾಲ್ವರಲ್ಲಿ ಮಾತು ಕಮ್ಮಿಯ ಕನ್ನಡಕದ ಹುಡುಗಿಯೊಬ್ಬಳು ತನ್ನ ಎಡಗೈಯನ್ನು ಸೊಂಟಕ್ಕೆ ಕಟ್ಟಿಕೊಂಡು ಅಕ್ಕನ ಪಕ್ಕ ಎಂಟು ದಿನ ಕೂತು ಗುಂಡಿ ಹೊಲಿದಳು. ಬೆರಳೆಲ್ಲ ಚುಚ್ಚಿಸಿಕೊಂಡಳು. ಆಮೇಲೆ ನಾಲ್ವರೂ ಸೇರಿ ಐದು ಸಲ ಮಾಡಿ, ಐದು ಸಲ ಅಕ್ಕನಿಂದ ಬೈಸಿಕೊಂಡು, ಆರನೆಯದಾಗಿ ಆ ಮಣೆ ಮಾಡಿದರು. ಅದರ ಬಾಲ ತೊಡೆಯ ಕೆಳಗೆ ಹೋಗುತ್ತದೆ, ಮೈಭಾರಕ್ಕೆ ಅಲುಗಾಡುವುದಿಲ್ಲ. ಮೊಣಕಾಲು ಒತ್ತಿದರೆ ಮರದ ದವಡೆ ಬಾಯಿ ತೆರೆಯುತ್ತದೆ, ಬಿಟ್ಟರೆ ಬಟ್ಟೆಯನ್ನು ಕಚ್ಚಿಕೊಳ್ಳುತ್ತದೆ. ಮೊದಲ ದಿನ ಅಕ್ಕ ಒಂದು ಅಂಗಿಗೆ ಏಳು ಗುಂಡಿ ಹಾಕಿದಳು. ಏಳನೇ ಗುಂಡಿ ಮುಗಿಯುವವರೆಗೂ ಮಾತಾಡುತ್ತಲೇ ಇದ್ದಳು, ಬಾಯಿ ಮುಚ್ಚಲಿಲ್ಲ. ನಾನು ಹೊರಗೆ ಹೋಗಿ ಅತ್ತು ಬಂದೆ.

ಹನ್ನೆರಡು ದಿನ. ಅಷ್ಟೇ ಅದು ನಮ್ಮಲ್ಲಿದ್ದದ್ದು.

ಹದಿಮೂರನೇ ದಿನ ಅದೇ ಮಕ್ಕಳು ತಲೆ ತಗ್ಗಿಸಿ ಬಂದರು. ಮಾದರಿಯನ್ನು ವಿಭಾಗಕ್ಕೆ ಒಪ್ಪಿಸದಿದ್ದರೆ ಅಂಕವಿಲ್ಲ ಎಂಬ ನಿಮ್ಮ ನಿಯಮದ ಪ್ರತಿ ಕೈಯಲ್ಲಿತ್ತು. ಎರಡು ವಾರದಲ್ಲಿ ಕೊಡಿಸುತ್ತೇವೆ ಎಂದರು. “ತಗೊಂಡು ಹೋಗಿ, ಮೊದಲು ಪಾಸಾಗಿ,” ಎಂದು ಅಕ್ಕನೇ ಬಟ್ಟೆ ಸುತ್ತಿ ಕೊಟ್ಟಳು. ಮಕ್ಕಳು ಪಾಸಾಗಿ ಬೇರೆ ಬೇರೆ ಊರು ಸೇರಿದರು. ಕನ್ನಡಕದ ಹುಡುಗಿ ನಿಮಗೆ ಎರಡು ಪತ್ರ ಬರೆದಳಂತೆ. ಅವು ಯಾವ ಸಭೆಯಲ್ಲಿ ಚರ್ಚೆಯಾದವೋ!

ಹೋಗಲಿ, ಇನ್ನೊಂದನ್ನು ಮಾಡಿಸಿಕೊಳ್ಳೋಣವೆಂದು ನಮ್ಮ ಬೀದಿಯ ಬಡಗಿಯನ್ನು ನಿಮ್ಮ ವಿಭಾಗಕ್ಕೆ ಕರೆದುಕೊಂಡು ಬಂದೆ. ಕಾಲು ಗಂಟೆ ಕೈಯಲ್ಲಿ ಹಿಡಿದು ನೋಡಿದರೆ ಸಾಕು ಎಂದ. ಗುಮಾಸ್ತರು ಕಪಾಟಿಗೆ ಕೈ ಅಡ್ಡ ಹಿಡಿದರು: “ಅದು ಪ್ರದರ್ಶನದ ವಸ್ತು, ಮುಟ್ಟೋ ಹಾಗಿಲ್ಲ. ಅಳತೆ ಬೇಕಂದ್ರೆ ಸಾಹೇಬರ ಲಿಖಿತ ಅನುಮತಿ ತನ್ನಿ.” ಗಾಜಿನಾಚೆಯಿಂದ ಬಡಗಿ ಮಣೆಯನ್ನು ನೋಡಿದ, ನಾನು ಅದರ ಕೆಳಗಿನ ಫಲಕ ಓದಿದೆ. ‘ಸಮುದಾಯದಲ್ಲಿ ಯಶಸ್ವಿಯಾಗಿ ಬಳಕೆಯಲ್ಲಿದೆ.’ ಯಾವ ಸಮುದಾಯದಲ್ಲಿ, ಸ್ವಾಮಿ? ಕಪಾಟಿನೊಳಗೆ ಯಾರು ವಾಸವಾಗಿದ್ದಾರೆ? ಸೇವೆ ಮಾಡಿದ್ದು ನಿಮ್ಮ ಮಕ್ಕಳೋ, ನಿಮ್ಮ ಮಕ್ಕಳಿಗೆ ಪಾಠವಾಗಿ ಕೂತ ನಮ್ಮಕ್ಕನೋ?

ಅಕ್ಕ ಮತ್ತೆ ಹಲ್ಲಲ್ಲೇ ಬಟ್ಟೆ ಕಚ್ಚತೊಡಗಿದಳು. ಕಳೆದ ತಿಂಗಳು ಮುಂದಿನ ಹಲ್ಲೊಂದು ಅಲುಗಾಡಿ ಕಿತ್ತು ಬಂತು. ಪಕ್ಕದ್ದೂ ಸಡಿಲವಾಗಿದೆ, ಇನ್ನು ಬಟ್ಟೆ ಕಚ್ಚಲೇಬಾರದು ಎಂದು ಹಲ್ಲಿನ ಡಾಕ್ಟರು ಗದರಿಸಿ ಕಳಿಸಿದ್ದಾರೆ. ಈಗ ಅವಳು ದಿನಾ ಬೆಳಿಗ್ಗೆ ಕೋಣೆಗೆ ಬಂದು, ಮಿಕ್ಕವರು ಹೊಲಿಯುವುದನ್ನು ನೋಡುತ್ತಾ ಕೂತು, ಸಂಜೆ ಎದ್ದು ಹೋಗುತ್ತಾಳೆ. ಈಗ ಬಾಯಿಗೆ ಬೇಕಾದಷ್ಟು ಬಿಡುವಿದೆ, ಆದರೂ ಮಾತಾಡುವುದಿಲ್ಲ. ನನ್ನ ಹೊಟ್ಟೆ ಉರಿಯುವುದು ಇದಕ್ಕೆ.

ಹೋದ ವಾರ ನಿಮ್ಮ ಹೊಸ ತಂಡ ಬಂತು. ಅದೇ ನಲವತ್ತೆರಡು ಪ್ರಶ್ನೆ. ಹಿಂದಿನವರು ಬಂದಿದ್ದರೆಂಬುದನ್ನೂ ಈ ಮಕ್ಕಳಿಗೆ ಯಾರೂ ಹೇಳಿರಲಿಲ್ಲ. ‘ನಿಮ್ಮ ಮುಖ್ಯ ಸಮಸ್ಯೆ ಏನು’ ಎಂದು ಅಕ್ಕನನ್ನು ಕೇಳಿದರು.

“ನನ್ನ ಸಮಸ್ಯೆ ಬಗೆಹರಿದಿತ್ತಮ್ಮ,” ಎಂದಳು ಅಕ್ಕ. “ಆ ಮಣೇನ ನಿಮ್ಮವರು ಇಟ್ಕೊಂಡಿದಾರೆ.”

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಬರುವ ಶನಿವಾರದೊಳಗೆ ಮಣೆ ನಮ್ಮ ಕೋಣೆಗೆ ಬರಬೇಕು. ನಿಮಗೆ ಪ್ರದರ್ಶನಕ್ಕೆ ಬೇಕಿದ್ದರೆ ಅದರ ಫೋಟೋ ಇಟ್ಟುಕೊಳ್ಳಿ, ಅದು ಗಾಜಿನೊಳಗೆ ಚೆನ್ನಾಗಿಯೇ ಕಾಣುತ್ತದೆ. ಇನ್ನು ಮುಂದೆ, ಯಾರಿಗಾಗಿ ಮಾಡಿದ್ದೋ ಅವರ ಕೈಯಲ್ಲೇ ವಸ್ತು ಉಳಿಯುತ್ತದೆ ಎಂದು ನಿಯಮ ತಿದ್ದಿ. ಪರೀಕ್ಷಕರು ನಮ್ಮ ಕೋಣೆಗೆ ಬಂದು ಅಂಕ ಕೊಡಲಿ. ಬಂದರೆ ಟೀ ಕೊಡುತ್ತೇವೆ, ಮೇಜು ಮಾತ್ರ ತರಿಸುವುದಿಲ್ಲ.

ಶನಿವಾರ ಮಣೆ ಬಾರದಿದ್ದರೆ ಸೋಮವಾರ ಹತ್ತು ಗಂಟೆಗೆ ಅಕ್ಕ ನಿಮ್ಮ ಎರಡನೇ ಮಹಡಿಗೆ ಬರುತ್ತಾಳೆ. ಮೆಟ್ಟಿಲು ಕಷ್ಟ, ಹಾಗಾಗಿ ಹತ್ತೂವರೆ ಆಗಬಹುದು. ಕಪಾಟಿನ ಮುಂದೆ ನೆಲದ ಮೇಲೆ ಕೂರುತ್ತಾಳೆ. ಗುಂಡಿ ಕಿತ್ತ ಹದಿನಾಲ್ಕು ಅಂಗಿಗಳನ್ನು ಈಗಾಗಲೇ ಚೀಲಕ್ಕೆ ತುಂಬಿದ್ದಾಳೆ. ಬೀಗದ ಕೈ ಹಿಡಿದುಕೊಂಡು ನೀವೇ ಬನ್ನಿ. ಅವಳಿಗೆ ಕೆಲಸವಿದೆ.

ಇಂತಿ,
ನಿಮ್ಮ ವಾರ್ಷಿಕ ವರದಿಯಲ್ಲಿ ‘ತೃಪ್ತ ಫಲಾನುಭವಿ’ ಎಂದು ನಮೂದಾಗಿರುವ ಹೆಂಗಸಿನ ತಮ್ಮ, ಆ ಚೀಲ ಹೊತ್ತು ತರುವವನು