ಬುನ್‌ಶೋಗೆ ಒಂದು ಇಂಗ್ಲಿಷ್ ಪದ

ಮಾರ್ಚ್ 4, ಮಂಗಳವಾರ

ಇವತ್ತೂ ಊಟದ ಮೇಜೇ ಆಫೀಸು. ಜಪಾನಿ ಮೇಷ್ಟ್ರ ಭಾಷಾಶಾಸ್ತ್ರದ ಪದಕೋಶ ನನ್ನ ಕೈಯಲ್ಲಿ ಇಂಗ್ಲಿಷಿಗೆ ಬರುತ್ತಿದೆ. ಕೊನೆಯ ಭಾಗ — ಒಂದು ವಾಕ್ಯವನ್ನು ದಾಟಿ ಬೆಳೆಯುವ ಮಾತಿಗೆ, ಬರಹಕ್ಕೆ ಇರುವ ಹೆಸರುಗಳು. ‘ದನ್ವಾ’ ಸುಲಭ: ಡಿಸ್‌ಕೋರ್ಸ್. ‘ಬುನ್‌ಶೋ’ ಮಾತ್ರ ಬೆಳಗ್ಗೆಯಿಂದ ಪ್ರಾಣ ತಿಂದಿತು. ಮೊದಲು, ಕೊನೆ ಇರುವ ಇಡಿಯಾದ ಒಂದು... ಏನು? ಮಧ್ಯಾಹ್ನ ಹೊಳೆಯಿತು. ರಿಟನ್ ಟೆಕ್ಸ್ಟ್, ಬರೆದ ಪಠ್ಯ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಇವರು ಕ್ಲಿನಿಕ್‌ನಿಂದ ಬಂದವರೇ, “ಏನು, ಮುಖ ಇಷ್ಟಗಲ ಆಗಿದೆ?” ಅಂದರು. ಅರ್ಧ ಗಂಟೆ ವಿವರಿಸಿದೆ. ಪಾಪ, ಕೇಳಿದರು.

ಮಾರ್ಚ್ 6, ಗುರುವಾರ

ಮೇಷ್ಟ್ರ ಜೊತೆ ವಿಡಿಯೋ ಕಾಲ್. ‘ರಿಟನ್ ಟೆಕ್ಸ್ಟ್’ ಯಾಕೆ ಸರಿ ಎಂದು ಎಳೆಎಳೆಯಾಗಿ ಬಿಡಿಸಿಟ್ಟೆ. ಉದ್ದಕ್ಕೂ “ಹೈ, ಹೈ”, ಅಂದರೆ ಹೌದು ಹೌದು, ಎಂದು ತಲೆಯಾಡಿಸಿದರು. ಒಪ್ಪಿದರು. ಫೈಲ್ ಪ್ರೆಸ್‌ಗೆ ಹೋಯಿತು. ಹಾಯಾಗಿದೆ.

ಮಾರ್ಚ್ 19, ಬುಧವಾರ

ಪ್ರೂಫ್ ಬಂತು. ನಮ್ಮ ಪದ್ಧತಿಯಂತೆ ಇವರು ಕಾಮಾ, ಫುಲ್‌ಸ್ಟಾಪ್ ಸಮೇತ ಗಟ್ಟಿಯಾಗಿ ಓದುವುದು, ನಾನು ಮೂಲ ನೋಡುವುದು. ಹಲ್ಲಿನ ಡಾಕ್ಟರಿಗೆ ಭಾಷಾಶಾಸ್ತ್ರ ಗೊತ್ತಿಲ್ಲ. ಅದೇ ಅನುಕೂಲ, ಇದ್ದದ್ದನ್ನೇ ಓದುತ್ತಾರೆ. ‘ಐಜುಚಿ’ ಬಂತು. “ಕೇಳುವವರು ನಡುನಡುವೆ ಹೂಂಗುಟ್ಟುವುದು, ಕಾಮಾ, ಉದಾಹರಣೆಗೆ ಹೈ, ಫುಲ್‌ಸ್ಟಾಪ್. ಕೇಳುತ್ತಿದ್ದೇನೆ ಎಂದಷ್ಟೇ ಅರ್ಥ, ಕಾಮಾ, ಒಪ್ಪಿದ್ದೇನೆ ಎಂದಲ್ಲ, ಫುಲ್‌ಸ್ಟಾಪ್.”

ನನ್ನದೇ ಅನುವಾದ. ಅವತ್ತಿನ “ಹೈ, ಹೈ” ನೆನಪಾಯಿತು. ಮೇಷ್ಟ್ರು ಒಪ್ಪಿರಲೇ ಇಲ್ಲವೇನೋ.

ಹೇಳಿದೆ. ಇವರು ಕನ್ನಡಕ ತೆಗೆದು ನಕ್ಕರು. “ನನ್ನ ಪೇಷಂಟುಗಳೂ ಬಾಯಿ ತೆಕ್ಕೊಂಡು ಹ್ಞಾಂ ಹ್ಞಾಂ ಅಂತಾರೆ ಮಾರಾಯ್ತಿ. ಅದನ್ನ ಒಪ್ಪಿಗೆ ಅಂದ್ಕೊಂಡು ಹಲ್ಲು ಕಿತ್ರೆ ಏನ್ ಗತಿ?”

“ಬೇಡ ಅನ್ನಬಹುದಿತ್ತಲ್ರೀ ಅವರು.”

“ನೀನು ಶುರು ಮಾಡಿದ್ರೆ ಉಸಿರು ತಗೊಳ್ಳಲ್ಲ. ಅವರಿಗೆ ಜಾಗ ಎಲ್ಲಿತ್ತು?”

ಸಿಟ್ಟು ಬಂತು. ನಿಜ ಹೇಳಿದ್ದಕ್ಕೇ ಬಂತು. ಪ್ರೆಸ್‌ನವಳಿಗೆ ಫೋನ್ ಮಾಡಿದೆ. “ನಾಳೆ ಸಂಜೆ ಮೆಷಿನ್‌ಗೆ ಹಾಕ್ತೀವಿ ಮೇಡಂ. ಆಮೇಲೆ ದೇವರೇ ಬಂದ್ರೂ ಆಗಲ್ಲ.”

ಮಾರ್ಚ್ 20, ಗುರುವಾರ, ಬೆಳಗ್ಗೆ

ಮೇಷ್ಟ್ರಿಗೆ ಕರೆ. “ಬುನ್‌ಶೋಗೆ ಆ ಪದ ನಿಮಗೆ ಸರಿಯೆನಿಸಿತಾ?” ಅಷ್ಟೇ ಕೇಳಿ ಬಾಯಿಗೆ ಬೀಗ. ನನ್ನ ನಾಲಿಗೆ ತುರಿಸಿತು... ಕಚ್ಚಿಕೊಂಡೆ. ಇವರು ಬಾಗಿಲಲ್ಲಿ ನಿಂತು, ಬಾಯಿ ಮುಚ್ಚು ಎಂದು ಕೈಸನ್ನೆ ಮಾಡುತ್ತಿದ್ದರು.

ಕೊನೆಗೆ ಮೇಷ್ಟ್ರು ಹೇಳಿದರು: “ನಮ್ಮಜ್ಜಿಗೆ ಓದು ಬರಹ ಬರ್ತಿರಲಿಲ್ಲ. ಅವರು ಹೇಳೋ ಕಥೆಗೆ ಮೊದಲಿತ್ತು, ಕೊನೆಯಿತ್ತು. ಬುನ್‌ಶೋ ಅಂದ್ರೇನು ಅಂತ ನಾನು ಕಲಿತದ್ದೇ ಅಲ್ಲಿ. ‘ರಿಟನ್’ ಅಂತ ಹಾಕಿದ್ರೆ ಅಜ್ಜಿ ನನ್ನ ಪುಸ್ತಕದಿಂದ ಹೊರಗೆ ಉಳೀತಾರೆ.”

“ಅವತ್ತೇ ಯಾಕೆ ಹೇಳಲಿಲ್ಲ ಸರ್?”

“ನೀವು ತುಂಬಾ ಖುಷಿಯಾಗಿದ್ರಿ.”

ಕಣ್ಣು ತುಂಬಿತು. ನಾಚಿಕೆ ಒಂದು ಕಡೆ, ಆ ಮನುಷ್ಯನ ಮೇಲೆ ಅಕ್ಕರೆ ಇನ್ನೊಂದು ಕಡೆ. ಮೇಷ್ಟ್ರೂ ನಾನೂ ಕರೆಯಲ್ಲೇ ಕೂತು ತಿದ್ದಿದೆವು — ಹೋಲ್ ಟೆಕ್ಸ್ಟ್, ಸ್ಪೋಕನ್ ಆರ್ ರಿಟನ್; ಹೇಳಿದ್ದೋ ಬರೆದದ್ದೋ, ಇಡಿಯಾದ ಪಠ್ಯ. ಸೊಗಸಿಲ್ಲ. ಇರಲಿ, ಅಜ್ಜಿ ಒಳಗಿದ್ದಾರೆ. ಪ್ರೆಸ್‌ನವಳು ಗೊಣಗಿದಳು, ಬದಲಿಸಿದಳು.

ಸಂಜೆ

ಮೇಷ್ಟ್ರೇ ಕರೆ ಮಾಡಿದರು. ಅಜ್ಜಿಯ ಒಂದು ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ ನಾನು. ಇದುವರೆಗೆ ಯಾರೂ ಬರೆದಿಟ್ಟಿಲ್ಲವಂತೆ. ಬರೆದುಕೊಳ್ಳಲೇ ಎಂದು ಕೇಳಿದೆ.

“ಬರ್ಕೊಳ್ಳಿ. ನಾನೂ ಇದನ್ನ ಪೂರ್ತಿ ಹೇಳಿದ್ದು ಇದೇ ಮೊದಲ ಸಲ.”

ಇವರು ಊಟಕ್ಕೆ ಕರೆಯುತ್ತಿದ್ದಾರೆ. ಮರೆಯುವ ಮುಂಚೆ ಶುರು ಮಾಡುತ್ತೇನೆ. ಒಂದು ದೊಡ್ಡ ನದಿ. ದಡದಲ್ಲಿ ದೋಣಿ ನಡೆಸುವ ಒಬ್ಬಳು ಹೆಂಗಸು. ಅವಳಿಗೆ—